ಐವತ್ತರ ಗೆರೆ ಮತ್ತು ಅಡಿಕೆ ಚಪ್ಪರ: ದುಡಿವ ತಾಯಂದಿರ ನೀತಿಗಳ ಒಂದು ತೌಲನಿಕ ವಿಚಾರ

ಹೆರಿಗೆ ರಜೆಯ ನೀತಿಗಳನ್ನು ದೇಶದಿಂದ ದೇಶಕ್ಕೆ ತೂಗುವವರು ಸಾಮಾನ್ಯವಾಗಿ ವಾರಗಳನ್ನು ಎಣಿಸುತ್ತಾರೆ. ಹಾಗೆ ಎಣಿಸಿದರೆ ನಾವು ಹಿಂದೇನೂ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಬಂದ ತಿದ್ದುಪಡಿ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. ಅಮೆರಿಕದ 1993ರ ಕಾಯಿದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಆದರೆ ಚನ್ನಗಿರಿಯ ಅಡಿಕೆ ಸುಲಿಯುವ ಚಪ್ಪರದಲ್ಲಿ ಒಂದು ರಾತ್ರಿ ಕೂತರೆ ಈ ಲೆಕ್ಕ ಕೈಕೊಡುತ್ತದೆ.

ಕೊಯ್ದ ಗೊನೆ, ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಅಂಗಳಕ್ಕೆ ಬಂದು ಬೀಳುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಹಸಿ ಅಡಿಕೆ ಕಾಯುವುದಿಲ್ಲ, ಸುಲಿದು ಬೇಯಿಸಲೇಬೇಕು. ಯಂತ್ರ ಬಂದಿದ್ದರೂ ಕೈಸುಲಿತ ಪೂರ್ತಿ ನಿಂತಿಲ್ಲ. ಕೂಲಿ ತೂಕಕ್ಕೆ. ಗಳಕ್ಕೆ ಹಳೇ ಸೀರೆಯ ಜೋಲಿ, ಅದರ ಹಗ್ಗ ಸುಲಿಯುವ ತಾಯಿಯ ಕಾಲಿನ ಹೆಬ್ಬೆರಳಿಗೆ. ಇನ್ನೊಂದು ಕಾಲು ಮೆಟ್ಟುಗತ್ತಿಯ ಮಣೆಯ ಮೇಲೆ. ಕೂಸು ಅತ್ತು ಎದ್ದರೆ ತಾಯಿ ಕಳೆದುಕೊಳ್ಳುವುದು ರಜೆಯನ್ನಲ್ಲ, ಕಿಲೋಗಳನ್ನು.

ನಮ್ಮ ಕಾಯಿದೆ ಇವಳನ್ನು ಕಾಣದಿರಲು ಕಾರಣ ಅದರ ವಿಳಾಸ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಅದನ್ನು ಲೆಕ್ಕವಿಡಲು ಒಬ್ಬ ಮಾಲೀಕ ಬೇಕು. ಇವಳ ಮಾಲೀಕ ವಾರಕ್ಕೊಬ್ಬ. ಶಿಶುಪಾಲನಾ ಕೇಂದ್ರ ಕಡ್ಡಾಯವಾಗುವುದು 50 ನೌಕರರಿದ್ದಲ್ಲಿ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೂ 50 ಹೆಂಗಸರ ಗೆರೆ ಇತ್ತು. ಅಮೆರಿಕದ ಆ ರಜೆ ಕಾಯಿದೆಯಲ್ಲೂ 50 ನೌಕರರ ಗೆರೆ. ಈ ಸಂಖ್ಯೆಗೆ ಅದೇನು ಮಹಿಮೆಯೋ. ಜಗಳೂರಿನಿಂದ ಕಾಫಿ ಸೀಮೆಗೆ ಗುಳೆ ಹೋದವರು ದೊಡ್ಡ ಎಸ್ಟೇಟು ಸೇರಿದರೆ ಗೆರೆಯ ಒಳಗೆ, ಸಣ್ಣ ತೋಟ ಸೇರಿದರೆ ಹೊರಗೆ.

ಸ್ವೀಡನ್ನಿನ 480 ದಿನಗಳ ಮಾತು ಎಲ್ಲರೂ ಆಡುತ್ತಾರೆ. ನನಗೆ ಮುಖ್ಯವೆನಿಸುವುದು ಆ ಉದ್ದವಲ್ಲ. 1974ರಿಂದ ಅಲ್ಲಿ ಹಣ ಬರುವುದು ಮಾಲೀಕನ ಗಂಟಿನಿಂದಲ್ಲ, ಸಾಮಾಜಿಕ ವಿಮೆಯಿಂದ. ಸಂಪಾದನೆ ಇಲ್ಲದವರಿಗೂ ಒಂದು ಮೂಲ ಮೊತ್ತ ಉಂಟು. 90 ದಿನ ಅಪ್ಪನಿಗೇ ಮೀಸಲು. ನಮ್ಮಲ್ಲಿ ಹಾಗೆ ನೇರ ತಾಯಿಯ ಖಾತೆಗೆ ಬರುವುದು ಮಾತೃವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ. ದಾರಿ ಸರಿಯಾದದ್ದೇ, ಮೊತ್ತ ಮಾತ್ರ ಬಾಣಂತನದ ಖರ್ಚಿಗೂ ಸಾಲದು. ಉಳಿದದ್ದನ್ನು ಇಂದಿಗೂ ತವರು ತೂಗಿಸುತ್ತದೆ. ನೀತಿಗಳ ಪಟ್ಟಿಗಳಲ್ಲಿ ತವರಿನ ಹೆಸರಿಲ್ಲ.

ಹಣದ ಆಚೆಗೆ, ಕೂಸು ನೋಡುವವರು ಯಾರೆಂಬ ಪ್ರಶ್ನೆಯೂ ಇದೆ. ಹೊನ್ನಾಳಿ, ನ್ಯಾಮತಿಗಳ ನಾಲೆ ಬಯಲಲ್ಲಿ ಗುತ್ತಿಗೆ ನಾಟಿಗೆ ಇಳಿಯುವ ಗುಂಪಿನಲ್ಲಿ ಒಬ್ಬಳು ಬದುವಿನ ಮೇಲೆ ಮಕ್ಕಳನ್ನು ನೋಡುತ್ತ ಕೂತರೆ ಎಲ್ಲರ ಪಾಲೂ ಕರಗುತ್ತದೆ. 2005ರ ಉದ್ಯೋಗ ಖಾತರಿ ಕಾಯಿದೆ ಇದಕ್ಕೊಂದು ಉತ್ತರ ಕೊಟ್ಟಿತ್ತು: ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸು, ಅವಳಿಗೂ ಕೂಲಿ. ಐವತ್ತಲ್ಲ, ಐದು, ಅದೂ ಎಣಿಸಿದ್ದು ನೌಕರರನ್ನಲ್ಲ, ಮಕ್ಕಳನ್ನು. ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಇದೇ ಬೇರಿನ ಚಿಗುರು. ಆರೈಕೆದಾರರಿಗೆ ಕೂಲಿ ಸಿಗುವಂತೆ ಯೋಜಿಸಿದ್ದೂ ಅದೇ ಖಾತರಿಯ ಬಾಬ್ತಿನಲ್ಲಿ. ಹೊಲದ ಕೆಲಸಕ್ಕೆ ಅದರ ಹೊತ್ತು ಹೊಂದುತ್ತದೆ. ಚನ್ನಗಿರಿಯಲ್ಲಿ ಮಾತ್ರ ಕೂಸಿನ ಮನೆಗೆ ಬೀಗ ಬಿದ್ದ ಮೇಲೆ ಗೊನೆಯ ಟ್ರ್ಯಾಕ್ಟರು ಬರುತ್ತದೆ.