ಗದ್ದೆ ಪಕ್ಕದ ನೂರು ಗಜ: ಕುಮ್ಕಿ ಸೊಪ್ಪಿನಿಂದ ಯೂರಿಯಾ ಚೀಲದವರೆಗೆ

ದಾವಣಗೆರೆಯಿಂದ ಮಣಿಪಾಲಕ್ಕೆ ಓದೋಕೆ ಬಂದಿರುವ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. "ನಮ್ಮ ಕಡೆ ಎಲ್ಲಿ ನೋಡಿದ್ರೂ ಮೆಕ್ಕೆಜೋಳ. ಇಲ್ಲಿ ಇಷ್ಟೊಂದು ನೀರಿದೆ, ಆದ್ರೂ ಯಾಕೆ ಕಾಣ್ಸಲ್ಲ?"

ಉತ್ತರ ಆ ನೀರಲ್ಲೇ ಇದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೆಕ್ಕೆಜೋಳಕ್ಕೆ ಹೂ ಬಿಡುವಾಗ ನೀರು ಬೇಕೇ ಬೇಕು. ಆದರೆ ಬುಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಗಿಡ ಹಳದಿಯಾಗುತ್ತೆ, ಹಾಕಿದ ಗೊಬ್ಬರದ ಸಾರಜನಕವೂ ಮಳೆಯ ಜೊತೆ ಕೊಚ್ಚಿಹೋಗುತ್ತೆ. ನಿಂತ ನೀರಲ್ಲಿ ಬದುಕೋದು ಭತ್ತ. ಇಲ್ಲಿನವರು ಅದನ್ನೇ ಹಿಡಿದರು.

ಭೂಮಿಯನ್ನೂ ನೀರಿನ ಲೆಕ್ಕದಲ್ಲೇ ವಿಂಗಡಿಸಿದ್ದರು. ಮಳೆಯನ್ನೇ ನಂಬಿದ ಎತ್ತರದ ಬೆಟ್ಟುಗದ್ದೆಗೆ ಒಂದು ಬೆಳೆ. ಮಜಲಿಗೆ ಎರಡು. ತಗ್ಗಿನ ಬೈಲಿಗೆ ಮೂರು: ಏಣೆಲು, ಸುಗ್ಗಿ, ಕೊಳಕೆ. ಮಳೆ ನಿಂತ ಮೇಲೆ ತೋಡಿಗೆ ಮಣ್ಣಿನ ಕಟ್ಟ ಹಾಕಿ ನೀರು ತಿರುಗಿಸ್ತಿದ್ದರು.

ಸರಿ, ಗೊಬ್ಬರ ಎಲ್ಲಿಂದ? ಕಾಪುವಿನಂಥ ಕಡಲ ಬದಿಯಲ್ಲಿ ಒಣಗಿಸಿದ ಬೂತಾಯಿ ಮೀನು ತೆಂಗಿನ ಬುಡಕ್ಕೆ ಬೀಳ್ತಿತ್ತು. ಒಳಗೆ, ಕಾರ್ಕಳದ ಕಡೆ, ಗುಡ್ಡದ ಸೊಪ್ಪು. ಅದನ್ನು ಹಟ್ಟಿಯಲ್ಲಿ ಹಾಸಿ, ಸೆಗಣಿ ಗಂಜಲದ ಜೊತೆ ಕೊಳೆತ ಮೇಲೆ ಗದ್ದೆಗೆ ಹೊರ್ತಿದ್ದರು.

ಈ ಸೊಪ್ಪಿಗೆ ಕಾನೂನಿನಲ್ಲೇ ಜಾಗ ಇತ್ತು. ಮದ್ರಾಸ್ ಪ್ರಾಂತ್ಯದ ಕಾಲದ ದಕ್ಷಿಣ ಕನ್ನಡದಲ್ಲಿ, ಹಳೆಯ ವರ್ಗ ಜಮೀನಿನಿಂದ 100 ಗಜದೊಳಗಿನ, ಅಂದ್ರೆ ಸುಮಾರು 91 ಮೀಟರ್ ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆ ತೆಗೆಯುವ ಸವಲತ್ತು ವರ್ಗದಾರನಿಗೆ ಸಿಕ್ತು. ಅದೇ ಕುಮ್ಕಿ. ನಾವು 'ಕುಮ್ಮಕ್ಕು ಕೊಟ್ಟ' ಅಂತೀವಲ್ಲ, ಆ ಪದದ ಸಂಬಂಧಿಯೇ ಇದು. ಅರ್ಥ ಸಹಾಯ. ಒಡೆತನ ಸರ್ಕಾರದ್ದು, ಬಳಕೆ ಗದ್ದೆಗೆ.

ಕಾಮರ್ಸ್ ಓದಿದ ನನಗೆ ಲೆಕ್ಕ ಹಾಕದೆ ಇರೋಕಾಗಲ್ಲ. ಇವತ್ತಿನ 45 ಕೆ.ಜಿ. ಯೂರಿಯಾ ಚೀಲದಲ್ಲಿ ಶೇ. 46 ಸಾರಜನಕ, ಅಂದರೆ 20 ಕೆ.ಜಿ. ಚಿಲ್ಲರೆ. ಹಸಿ ಸೊಪ್ಪಲ್ಲಿ ಸಾಮಾನ್ಯವಾಗಿ ಶೇ. 1 ಕೂಡ ಇರಲ್ಲ. ಒಂದು ಚೀಲಕ್ಕೆ ಸಮ ಆಗ್ಬೇಕಂದ್ರೆ 2 ಟನ್‌ಗಿಂತ ಹೆಚ್ಚು ಸೊಪ್ಪು ಬೇಕು. 25 ಕೆ.ಜಿ. ಹೊರೆ ಅಂದ್ಕೊಂಡ್ರೂ 80 ಸಲ ಗುಡ್ಡ ಹತ್ತಿ ಇಳೀಬೇಕು. ಸವಲತ್ತು ವರ್ಗದಾರನ ಹೆಸರಲ್ಲಿ. ಹೊತ್ತವರು ಗೇಣಿ ಒಕ್ಕಲು, ಕೂಲಿಯವರು, ಅದರಲ್ಲೂ ಹೆಂಗಸರು.

1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ಮಾಲೀಕರಾದರು. 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಎಂ.ಸಿ.ಎಫ್. ಯೂರಿಯಾ ತಯಾರಿಸೋಕೆ ಶುರುಮಾಡಿತು. ಅಷ್ಟರಲ್ಲಿ ಗೊಬ್ಬರ ಹೆಚ್ಚಾದರೂ ಅಡ್ಡಬೀಳದ ಗಿಡ್ಡ ಭತ್ತದ ತಳಿಗಳು ಬಂದಿದ್ದವು. ತಲೆ ಮೇಲಿನ ಹೊರೆ ಇಳೀತು. ಅದನ್ನು ನಷ್ಟ ಅನ್ನೋಕೆ ನನಗೆ ಮನಸ್ಸಿಲ್ಲ.

ಆದರೆ ಸೊಪ್ಪು ಕೊಡ್ತಿದ್ದದ್ದು ಸಾರಜನಕ ಮಾತ್ರ ಅಲ್ಲ. ಮುರಕಲ್ಲಿನ ಹುಳಿ ಮಣ್ಣಿನಲ್ಲಿ ನೀರನ್ನೂ ಪೋಷಕಾಂಶವನ್ನೂ ಹಿಡಿದಿಡೋದು ಕೊಳೆತ ಸಾವಯವ ಅಂಶ. ಅದು ಚೀಲದಲ್ಲಿ ಬರಲ್ಲ. ಹಾಗಾಗಿಯೇ ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ ಅಂತ ಕೃಷಿ ತಜ್ಞರು ಹೇಳೋದು.

ಇತ್ತ ಎಷ್ಟೋ ಕುಮ್ಕಿಯಲ್ಲಿ ರಬ್ಬರ್, ಗೇರು, ಮನೆ ಎದ್ದಿವೆ. ಕುಮ್ಕಿಯನ್ನು ನಮ್ಮ ಹೆಸರಿಗೆ ಮಾಡಿ ಅನ್ನೋ ಬೇಡಿಕೆ ದಶಕಗಳಿಂದ ಇದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಬಿದ್ದ ಗದ್ದೆಗಳಿಗೆ ಮತ್ತೆ ನೇಜಿ ನೆಡುವ ಆಂದೋಲನ ಆಯ್ತು, ಎಷ್ಟೋ ಗದ್ದೆ ಹಸಿರಾದವು. ಆ ಗದ್ದೆಗಳ ಪಕ್ಕದ ನೂರು ಗಜದಲ್ಲಿ ಈಗ ಸೊಪ್ಪಿದೆಯಾ?

ಈ ವಾರ ಊರಿಗೆ ಹೋದ್ರೆ ಮನೆಯ ಹಿರಿಯರನ್ನ ಕೇಳಿ: ನಮ್ಮ ಗದ್ದೆಯ ಕುಮ್ಕಿ ಎಲ್ಲಿತ್ತು, ಸೊಪ್ಪು ಹೊರ್ತಿದ್ದವರು ಯಾರು? ಅವರ ಉತ್ತರ ರೆಕಾರ್ಡ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳೋಣ.