ಗಂಟುಗಳಲ್ಲಿ ಉಳಿದ ನಾಡು

ನಮ್ಮ ಅಡಿಗೆಮನೆಯ ಆಲೂಗೆಡ್ಡೆಯ ತವರು ಯಾವುದೆಂದು ಕೇಳಿದರೆ ಹಾಸನದ ಹೆಸರು ಹೇಳುವವರುಂಟು. ಅದರ ನಿಜವಾದ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆ. ಇಂದಿನ ಪೆರು ಮತ್ತು ಬೊಲಿವಿಯಾ ಹಂಚಿಕೊಂಡಿರುವ ಟಿಟಿಕಾಕಾ ಸರೋವರದ ಆಸುಪಾಸು. ಕಾಡಿನ ಕಹಿಗೆಡ್ಡೆಯನ್ನು ಅಲ್ಲಿಯ ರೈತರು ಪಳಗಿಸಿ ಸುಮಾರು 8,000 ವರ್ಷಗಳಾದುವು. ಗೆಡ್ಡೆಯೇನೋ ನಮ್ಮವರೆಗೆ ಬಂದಿತು. ಬೆಳೆಸಿದವರ ಕಥೆ ಅದರೊಡನೆ ಬರಲಿಲ್ಲ.

ಪೆರು ದೇಶದ ಪಶ್ಚಿಮಕ್ಕೆ ಮಳೆ ಕಾಣದ ಕರಾವಳಿ, ಪೂರ್ವಕ್ಕೆ ಅಮೆಜಾನಿನ ದಟ್ಟ ಕಾಡು, ನಡುವೆ ಹಿಮ ಹೊತ್ತ ಗಿರಿಗಳು. ಆ ಗಿರಿಗಳ ಇಳಿಜಾರಿಗೆ ಕಲ್ಲುಕಟ್ಟೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿದರು. ಕೆಳಗೆ ಮುಸುಕಿನ ಜೋಳ, ಮೇಲೆ ಆಲೂಗೆಡ್ಡೆ. ಕಡುಚಳಿಯನ್ನೂ ಅವರು ದುಡಿಸಿಕೊಂಡರು: ಗೆಡ್ಡೆಯನ್ನು ರಾತ್ರಿ ಹಿಮಕ್ಕೆ ಹರಡಿ, ಹಗಲು ಬಿಸಿಲಿಗೊಡ್ಡಿ, ಕಾಲಿನಿಂದ ತುಳಿದು ನೀರು ಹಿಂಡಿದರು. ಹೀಗೆ ಒಣಗಿದ 'ಚುನ್ಯೊ' ವರ್ಷಗಟ್ಟಲೆ ಕೆಡದು. ಹೊಲದ ಕೆಲಸಕ್ಕೆ 'ಆಯ್ನಿ' ಎಂಬ ಪದ್ಧತಿಯಿತ್ತು, ಇಂದೂ ಇದೆ: ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ನಮ್ಮ ಹಳ್ಳಿಗಳ ಮುಯ್ಯಾಳೇ ಅದು.

ಹದಿನೈದನೆಯ ಶತಮಾನದಲ್ಲಿ ಕುಸ್ಕೊ ಪಟ್ಟಣದ ಇಂಕಾ ಅರಸರು ಈ ಬಾಳಿನ ಮೇಲೆ ದೊಡ್ಡದೊಂದು ಸಾಮ್ರಾಜ್ಯವನ್ನು ಕಟ್ಟಿದರು. ಪ್ರಜೆಗಳು ತೆರಿಗೆಯನ್ನು ದುಡಿಮೆಯಾಗಿ ಸಲ್ಲಿಸುತ್ತಿದ್ದರು. ಅದಕ್ಕೆ 'ಮಿತ' ಎಂದು ಹೆಸರು. ದುಡಿಯುವವರಿಗೆ ಅರಸನ ಕಣಜದಿಂದ ಅನ್ನ. ಗಾಡಿಯ ಚಕ್ರವಿರಲಿಲ್ಲ, ಕುದುರೆಯಿರಲಿಲ್ಲ, ಅಕ್ಷರಗಳೂ ಇರಲಿಲ್ಲ. ಲೆಕ್ಕವನ್ನೆಲ್ಲ 'ಕಿಪು' ಎಂಬ ದಾರದ ಗೊಂಚಲುಗಳಲ್ಲಿ ಗಂಟುಹಾಕಿ ಇಡುತ್ತಿದ್ದರು. ಗಂಟು ಬಿದ್ದ ಎಡೆಯನ್ನು ನೋಡಿ ಬಿಡಿ, ಹತ್ತು, ನೂರು ಎಂದು ತಿಳಿಯಬೇಕೆಂಬುದನ್ನು ಲೆಲೆಂಡ್ ಲಾಕ್ ಎಂಬ ವಿದ್ವಾಂಸರು 1912ರಲ್ಲಿ ತೋರಿಸಿಕೊಟ್ಟರು. ಆದರೆ ಎಲ್ಲ ಕಿಪುಗಳೂ ಬರಿಯ ಲೆಕ್ಕವಲ್ಲ. ಕಥೆಯನ್ನೂ ವಂಶಾವಳಿಯನ್ನೂ ಅವು ಹೇಳುತ್ತಿದ್ದುವೆಂದು ಹಳೆಯ ಬರಹಗಾರರು ಬರೆದಿದ್ದಾರೆ. ಅವನ್ನು ಓದಬಲ್ಲವರು ಇಂದಿಲ್ಲ. ಹಲ್ಮಿಡಿಯ ಕಲ್ಲನ್ನು ಓದಿ ಹಿಗ್ಗುವ ನಮಗೆ ಈ ನಷ್ಟದ ಆಳ ಅರ್ಥವಾಗಬೇಕು.

ಓದುವ ಪರಂಪರೆ ತಾನಾಗಿ ಅಳಿಯಲಿಲ್ಲ. 1532ರಲ್ಲಿ ಪಿಸಾರೊ ಇನ್ನೂರಕ್ಕೂ ಕಡಮೆ ಸೈನಿಕರೊಡನೆ ಬಂದು ಅರಸ ಅತಾವಾಲ್ಪನನ್ನು ಸೆರೆಹಿಡಿದನು. ಬಿಡುಗಡೆಗೆಂದು ಒಂದು ಕೋಣೆಯ ತುಂಬ ಚಿನ್ನ ಬಂದಿತು. ಕುಶಲ ಕೈಗಳು ಮಾಡಿದ ವಸ್ತುಗಳೆಲ್ಲ ಕರಗಿ ಗಟ್ಟಿಗಳಾದುವು. ಆದರೂ 1533ರಲ್ಲಿ ಅರಸನನ್ನು ಕೊಂದರು. 1545ರಲ್ಲಿ ಪೊತೊಸಿಯ ಬೆಳ್ಳಿಬೆಟ್ಟ ಪತ್ತೆಯಾಯಿತು. ಅಲ್ಲಿಯ ಗಣಿಗಳಿಗೆ ಜನರನ್ನು ಎಳೆದೊಯ್ದ ಕಟ್ಟಳೆಗೂ 'ಮಿತ' ಎಂದೇ ಹೆಸರಿಟ್ಟರು. ಮಾತು ಹಳೆಯದೇ, ಅದರ ಹಿಂದೆ ಅನ್ನವಿಡುವ ಕಣಜ ಮಾತ್ರ ಇರಲಿಲ್ಲ. ಒಂದು ನಾಡನ್ನು ಗೆಲ್ಲುವವರು ಅದರ ಪದಗಳನ್ನೂ ಗೆದ್ದುಕೊಳ್ಳುತ್ತಾರೆ.

ಇಂಕಾ ರಾಜವಂಶದ ತಾಯಿಗೂ ಸ್ಪೇನಿನ ದಳಪತಿಗೂ 1539ರಲ್ಲಿ ಹುಟ್ಟಿದ ಗಾರ್ಸಿಲಾಸೊ, ತಾಯಿಯ ನಾಡಿನ ಕಥೆಯನ್ನು ತಂದೆಯ ನುಡಿಯಲ್ಲಿ ಬರೆದು 1609ರಲ್ಲಿ ಪ್ರಕಟಿಸಿದನು. ತಾಯ್ನುಡಿಯಾದ ಕೆಚುವಾ ಪೆರುವಿನಲ್ಲಿ ಅಧಿಕೃತ ಭಾಷೆಯೆನಿಸಿದ್ದು 1975ರಲ್ಲಿ.

ಆದರೂ ಎಲ್ಲವೂ ಹೋಗಲಿಲ್ಲ. ಅಪುರಿಮಾಕ್ ನದಿಯ ಮೇಲೆ ಕೆಸ್ವಚಾಕ ಎಂಬ ಹುಲ್ಲುಹಗ್ಗದ ಸೇತುವೆಯಿದೆ. ಸುತ್ತಣ ಹಳ್ಳಿಗಳವರು ವರ್ಷಕ್ಕೊಮ್ಮೆ ಹುಲ್ಲು ಹೊಸೆದು ಅದನ್ನು ಹೊಸದಾಗಿ ಕಟ್ಟುತ್ತಾರೆ. 2020ರಲ್ಲಿ ಮಹಾಮಾರಿಯಿಂದ ಕೆಲಸ ನಿಂತಿತು. 2021ರ ಮಾರ್ಚಿಯಲ್ಲಿ ಸೇತುವೆ ಕಳಚಿ ಬಿದ್ದಿತು. ಜೂನ್ ತಿಂಗಳಲ್ಲಿ ಅದೇ ಕೈಗಳು ಮತ್ತೆ ಕಟ್ಟಿದುವು. ಕಿಪುವಿನ ಗಂಟನ್ನು ಕಲಿಸುವ ಸರಣಿ ಕಡಿದುಹೋಯಿತು. ಸೇತುವೆಯ ಗಂಟನ್ನು ತಂದೆ ಮಗನಿಗೆ ಕಲಿಸುತ್ತಲೇ ಬಂದನು. ಒಂದು ಒಗಟಾಗಿದೆ, ಇನ್ನೊಂದು ಜನರನ್ನು ಹೊಳೆ ದಾಟಿಸುತ್ತಿದೆ.