ಸ್ವನಿರ್ಮಿತ ವಿಮಾನಕ್ಕೆ ಎಂಜಿನ್: ಆಯ್ಕೆ ಮತ್ತು ಜೋಡಣೆ

ಹವ್ಯಾಸಿಗಳು ಮನೆಯ ಗ್ಯಾರೇಜಿನಲ್ಲೋ ಬಾಡಿಗೆಯ ಶೆಡ್ಡಿನಲ್ಲೋ ಸ್ವಂತ ಬಳಕೆಗಾಗಿ ಕಟ್ಟಿಕೊಳ್ಳುವ ಸಣ್ಣ ವಿಮಾನಗಳಿಗೆ ಸ್ವನಿರ್ಮಿತ ವಿಮಾನಗಳೆಂದು ಹೆಸರು. ರೆಕ್ಕೆ, ಒಡಲು, ಬಾಲಗಳ ನಿರ್ಮಾಣ ಬಹುಮಟ್ಟಿಗೆ ನಕ್ಷೆಯನ್ನು ಅನುಸರಿಸಿ ಸಾಗುತ್ತದೆ. ಎಂಜಿನ್ ವಿಷಯದಲ್ಲಿ ಮಾತ್ರ ನಿರ್ಮಾಪಕನು ತಾನೇ ತೀರ್ಮಾನ ಕೈಗೊಳ್ಳಬೇಕಾದ ಸಂದರ್ಭಗಳು ಹಲವು. ಕಾರಿನ ಎಂಜಿನ್ ಕೆಟ್ಟರೆ ಬದಿಗೆ ತಳ್ಳಿ ನಿಲ್ಲಿಸಬಹುದು. ನೆಲಬಿಟ್ಟ ಕೆಲವೇ ಕ್ಷಣಗಳಲ್ಲಿ ವಿಮಾನದ ಎಂಜಿನ್ ನಿಂತರೆ ಎದುರಿಗೆ ಸಿಕ್ಕ ಜಾಗದಲ್ಲಿ ಇಳಿಯುವುದಲ್ಲದೆ ಬೇರೆ ದಾರಿ ಇರುವುದು ವಿರಳ.

ಹಿನ್ನೆಲೆ

ಈ ಸಮಸ್ಯೆ ವಿಮಾನದಷ್ಟೇ ಹಳೆಯದು. ತಕ್ಕ ಎಂಜಿನ್ ಮಾರುಕಟ್ಟೆಯಲ್ಲಿ ದೊರೆಯದ ಕಾರಣ ರೈಟ್ ಸಹೋದರರು ತಮ್ಮ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಅವರಿಂದ ಸುಮಾರು 12 ಅಶ್ವಶಕ್ತಿಯ ಎಂಜಿನ್ ಮಾಡಿಸಿ 1903ರಲ್ಲಿ ಹಾರಿದರು. 1920ರ ದಶಕದ ಕೊನೆಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಅವರು ಫೋರ್ಡ್ ಮಾಡೆಲ್-ಎ ಕಾರಿನ ಎಂಜಿನ್ನನ್ನೇ ತಮ್ಮ ವಿಮಾನಕ್ಕೆ ಅಳವಡಿಸಿದರು. ಪಾಲ್ ಪೊಬೆರೆಜ್ನಿ ಅವರು 1953ರಲ್ಲಿ ಸ್ಥಾಪಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಸಂಘಟಿತ ರೂಪ ನೀಡಿತು.

ಯಾವ ಎಂಜಿನ್?

ವಿಮಾನದ ವಿನ್ಯಾಸಕಾರ ಸೂಚಿಸಿದ ಎಂಜಿನ್ನನ್ನೇ ಬಳಸುವುದು ಮೊದಲ ನಿಯಮ. ಒಡಲಿನ ಬಲ, ಬಾಲದ ಗಾತ್ರ, ಸಮತೋಲ ಎಲ್ಲವೂ ಅದರ ತೂಕ ಹಾಗೂ ಶಕ್ತಿಯ ಮೇಲೆಯೇ ಲೆಕ್ಕ ಹಾಕಲ್ಪಟ್ಟಿರುತ್ತವೆ. ಆಯ್ಕೆಗೆ ಅವಕಾಶವಿದ್ದಲ್ಲಿ ಮೂರು ಬಗೆಯ ಎಂಜಿನ್‌ಗಳು ಎದುರಾಗುತ್ತವೆ.

ಮೊದಲನೆಯದು, ಲೈಕಮಿಂಗ್ ಮತ್ತು ಕಾಂಟಿನೆಂಟಲ್ ಕಂಪನಿಗಳ ಸಾಂಪ್ರದಾಯಿಕ ಎಂಜಿನ್‌ಗಳು. ಇವು ಗಾಳಿಯಿಂದ ತಣಿಯುತ್ತವೆ. ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಣೆಯಾಗುತ್ತದೆ. ಕಾಂಟಿನೆಂಟಲ್ ಓ-200 ಎಂಜಿನ್ 100 ಅಶ್ವಶಕ್ತಿ ನೀಡಿದರೆ, ಲೈಕಮಿಂಗ್ ಓ-320ರ ಮಾದರಿಗಳು 150ರಿಂದ 160 ಅಶ್ವಶಕ್ತಿ ನೀಡುತ್ತವೆ. ಓ-320ರ ತೂಕ ಸುಮಾರು 110 ಕಿಲೋಗ್ರಾಂ.

ಎರಡನೆಯದು, ಆಸ್ಟ್ರಿಯಾದ ರೊಟಾಕ್ಸ್ 912ರಂತಹ ಹಗುರ ಎಂಜಿನ್‌ಗಳು. ಇವುಗಳ ಸಿಲಿಂಡರ್ ತಲೆಗಳನ್ನು ದ್ರವವೂ ಸಿಲಿಂಡರ್‌ಗಳನ್ನು ಗಾಳಿಯೂ ತಣಿಸುತ್ತವೆ. ಕಡಿಮೆ ತೂಕದಲ್ಲಿ 80ರಿಂದ 100 ಅಶ್ವಶಕ್ತಿ ದೊರೆಯುತ್ತದೆ.

ಮೂರನೆಯದು, ಫೋಕ್ಸ್‌ವ್ಯಾಗನ್ ಬೀಟಲ್‌ನಂತಹ ಕಾರುಗಳ ಎಂಜಿನ್‌ಗಳ ಮಾರ್ಪಾಡು. ಇವು ಅಗ್ಗವೆಂಬುದು ನಿಜ. ಆದರೆ ಹೆದ್ದಾರಿಯಲ್ಲಿ ಓಡುವ ಕಾರು ತನ್ನ ಪೂರ್ಣ ಶಕ್ತಿಯ ಅಲ್ಪಭಾಗವನ್ನಷ್ಟೇ ಬಳಸುತ್ತದೆ. ವಿಮಾನದ ಎಂಜಿನ್ ಗಂಟೆಗಟ್ಟಲೆ ಶೇಕಡ 75ರಷ್ಟು ಶಕ್ತಿಯಲ್ಲಿ ದುಡಿಯಬೇಕು. ಜೊತೆಗೆ ಪ್ರೊಪೆಲ್ಲರಿನ ಎಳೆತ ಮತ್ತು ಅದು ತಿರುಗುವಾಗ ಉಂಟಾಗುವ ಬಾಗುವ ಒತ್ತಡಗಳನ್ನು ಕಾರಿನ ಕ್ರ್ಯಾಂಕ್‌ಶಾಫ್ಟ್ ತಾಳುವಂತೆ ರೂಪುಗೊಂಡಿರುವುದಿಲ್ಲ. ಮಾರ್ಪಾಡಿನಲ್ಲಿ ನುರಿತವರ ನೆರವಿಲ್ಲದೆ ಈ ದಾರಿ ಹಿಡಿಯುವುದು ಅಪಾಯಕರ.

ವೇಗ ಮತ್ತು ತೂಕದ ಲೆಕ್ಕ

ಪ್ರೊಪೆಲ್ಲರಿನ ತುದಿಯ ವೇಗ ಶಬ್ದದ ವೇಗವನ್ನು ಸಮೀಪಿಸಿದರೆ ಗದ್ದಲ ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ. 1.75 ಮೀಟರ್ ವ್ಯಾಸದ ಪ್ರೊಪೆಲ್ಲರ್ ನಿಮಿಷಕ್ಕೆ 2,700 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 247 ಮೀಟರ್. ಶಬ್ದದ ವೇಗ ಸುಮಾರು 340 ಮೀಟರ್. ಅದೇ ಪ್ರೊಪೆಲ್ಲರನ್ನು ರೊಟಾಕ್ಸಿನ ಗರಿಷ್ಠ ವೇಗವಾದ 5,800 ಸುತ್ತಿನಲ್ಲಿ ನೇರವಾಗಿ ತಿರುಗಿಸಿದರೆ ತುದಿ ಶಬ್ದವನ್ನೇ ಹಿಂದಿಕ್ಕುತ್ತದೆ. ಆದ್ದರಿಂದಲೇ 100 ಅಶ್ವಶಕ್ತಿಯ ರೊಟಾಕ್ಸಿನಲ್ಲಿ 2.43 ಅನುಪಾತದ ಗೇರ್‌ಬಾಕ್ಸ್ ಇದೆ. ಅದು ಪ್ರೊಪೆಲ್ಲರಿನ ವೇಗವನ್ನು ಸುಮಾರು 2,390 ಸುತ್ತಿಗೆ ಇಳಿಸುತ್ತದೆ.

ತೂಕದ ಲೆಕ್ಕ ಇನ್ನೂ ಕಠಿಣ. ಗುರುತ್ವಕೇಂದ್ರದಿಂದ 1.2 ಮೀಟರ್ ಮುಂದೆ 10 ಕಿಲೋಗ್ರಾಂ ಹೆಚ್ಚು ಭಾರದ ಎಂಜಿನ್ ಕೂರಿಸಿದರೆ, ಅದನ್ನು ಸರಿದೂಗಿಸಲು 3.6 ಮೀಟರ್ ಹಿಂದೆ ಸುಮಾರು 3.3 ಕಿಲೋಗ್ರಾಂ ಭಾರವನ್ನು ಕಟ್ಟಬೇಕಾಗುತ್ತದೆ. ಹತ್ತು ಕಿಲೋ ಹೆಚ್ಚಳ ಹೀಗೆ ಹದಿಮೂರನ್ನು ದಾಟುತ್ತದೆ. ಹಗುರ ಎಂಜಿನ್ ಹಾಕಿದರೂ ತೊಂದರೆ ತಪ್ಪದು. ಗುರುತ್ವಕೇಂದ್ರ ಮಿತಿ ಮೀರಿ ಹಿಂದೆ ಸರಿದರೆ ವಿಮಾನ ಪೈಲಟ್‌ನ ಹತೋಟಿಗೆ ಸಿಗದೆ ಹೋಗಬಹುದು.

ಜೋಡಣೆ

ಎಂಜಿನ್ನನ್ನು ಹೊತ್ತುಕೊಳ್ಳುವ ಚೌಕಟ್ಟನ್ನು ಸಾಮಾನ್ಯವಾಗಿ ಕ್ರೋಮ್-ಮಾಲಿಬ್ಡಿನಂ ಉಕ್ಕಿನ ಕೊಳವೆಗಳನ್ನು ಬೆಸೆದು ತಯಾರಿಸುತ್ತಾರೆ. ಎಂಜಿನ್ ಮತ್ತು ಚೌಕಟ್ಟಿನ ನಡುವೆ ಕಂಪನ ಹೀರುವ ರಬ್ಬರ್ ತುಂಡುಗಳಿರುತ್ತವೆ. ಎಂಜಿನ್ ಹಾಗೂ ಪೈಲಟ್ ನಡುವೆ ಬೆಂಕಿ ತಡೆಯುವ ತೆಳು ಸ್ಟೀಲ್ ತಗಡಿನ ಗೋಡೆ ಕಡ್ಡಾಯ. ತಂತಿ, ಕೊಳವೆಗಳಿಗಾಗಿ ಅದರಲ್ಲಿ ಕೊರೆದ ಪ್ರತಿ ರಂಧ್ರವನ್ನೂ ಬೆಂಕಿ ತಾಳುವ ವಸ್ತುವಿನಿಂದ ಮುಚ್ಚಬೇಕು.

ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮುಂದಿನ ಬಾಯಿಯಿಂದ ಗಾಳಿ ನುಗ್ಗಿದರಷ್ಟೇ ಸಾಲದು. ತಗಡಿನ ತಡೆಗಳ ಮೂಲಕ ಆ ಗಾಳಿ ಸಿಲಿಂಡರ್‌ಗಳ ರೆಕ್ಕೆಗಳ ನಡುವೆಯೇ ಹಾಯ್ದು ಕೆಳಗಿಂದ ಹೊರಹೋಗಬೇಕು. ತಡೆಗಳ ಅಂಚಿನಲ್ಲಿ ಬಿಟ್ಟ ಸಂದಿನಿಂದ ಗಾಳಿ ಸೋರಿದರೆ ಸಿಲಿಂಡರ್ ಕಾಯುತ್ತದೆ. ನಟ್ಟು, ಬೋಲ್ಟುಗಳನ್ನು ನಿಗದಿತ ಬಿಗಿತಕ್ಕೆ ತಿರುಗಿಸಿ, ಸೂಚಿಸಿದ ಕಡೆಗಳಲ್ಲಿ ಸುರಕ್ಷಾ ತಂತಿಯಿಂದ ಕಟ್ಟಬೇಕು.

ಇಂಧನ ವ್ಯವಸ್ಥೆ: ಒಂದು ಕಹಿ ಪಾಠ

ಎಂಜಿನ್ ಚೆನ್ನಾಗಿದ್ದೂ ಇಂಧನ ತಲುಪದೆ ನಿಲ್ಲುವ ಸಂಭವವುಂಟು. 1997ರ ಅಕ್ಟೋಬರ್ 12ರಂದು ಅಮೆರಿಕದ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಕಡಲತೀರದ ಬಳಿ ಲಾಂಗ್-ಈಝಿ ಎಂಬ ಸ್ವನಿರ್ಮಿತ ವಿಮಾನ ಪತನಗೊಂಡು ಮೃತಪಟ್ಟರು. ಅವರು ಆ ವಿಮಾನವನ್ನು ಕಟ್ಟಿದವರಲ್ಲ, ಕೊಂಡವರು. ಟ್ಯಾಂಕ್ ಬದಲಿಸುವ ಹಿಡಿಕೆ ವಿನ್ಯಾಸಕಾರ ಬರ್ಟ್ ರುಟಾನ್ ಅವರ ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇತ್ತು. ಮೂಲ ನಿರ್ಮಾಪಕ ಅದನ್ನು ಎಡ ಭುಜದ ಹಿಂದಕ್ಕೆ ಸಾಗಿಸಿದ್ದ. ಇಂಧನದ ಕೊಳವೆ ಆಸನದ ಬಳಿ ಬಾರದಿರಲಿ ಎಂಬ ಒಳ್ಳೆಯ ಉದ್ದೇಶವೇ ಅದಕ್ಕೆ ಕಾರಣವಾಗಿತ್ತು. ಹಿಡಿಕೆಗಾಗಿ ಹಿಂದೆ ತಿರುಗುವಾಗ ಕಾಲು ಅರಿವಿಲ್ಲದೆ ರಡ್ಡರ್ ಪೆಡಲನ್ನು ಒತ್ತಿ ವಿಮಾನ ಹತೋಟಿ ತಪ್ಪಿತೆಂಬುದು ತನಿಖೆಯ ಸಾರ. ಹಾರುವ ಮುನ್ನ ಇಂಧನ ತುಂಬಿಸಿಕೊಂಡಿರಲಿಲ್ಲವೆಂಬುದೂ ತನಿಖೆಯಲ್ಲಿ ಹೊರಬಂದಿತು. ಬೆಲ್ಟ್ ಬಿಗಿದು ಕುಳಿತ ಪೈಲಟ್, ನೋಟವನ್ನು ಎದುರಿನಿಂದ ಕದಲಿಸದೆ ಮುಟ್ಟಲಾಗದ ಹಿಡಿಕೆ ಇದ್ದೂ ಇಲ್ಲದಂತೆಯೇ ಸರಿ.

ಹಾರುವ ಮುನ್ನ ಇಂಧನ ಹರಿವನ್ನು ಅಳೆಯಲೇಬೇಕು. ವಿಮಾನದ ಮೂತಿಯನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಕಾರ್ಬ್ಯುರೇಟರ್ ತುದಿಯಲ್ಲಿ ಇಂಧನವನ್ನು ಪಾತ್ರೆಗೆ ಹರಿಸುತ್ತಾರೆ. ಗುರುತ್ವ ಬಲದಿಂದಲೇ ಹರಿಯುವ ವ್ಯವಸ್ಥೆಯಾದರೆ ಎಂಜಿನ್ನಿನ ಗರಿಷ್ಠ ಬೇಡಿಕೆಯ ಶೇಕಡ 150, ಪಂಪ್ ಇದ್ದರೆ ಶೇಕಡ 125 ಹರಿಯಬೇಕು. ಗಂಟೆಗೆ 27 ಲೀಟರ್ ಬೇಡುವ ಎಂಜಿನ್ನಿಗೆ ಗುರುತ್ವ ವ್ಯವಸ್ಥೆಯಲ್ಲಿ ನಿಮಿಷಕ್ಕೆ ಸುಮಾರು 675 ಮಿಲಿಲೀಟರ್ ಬರಬೇಕು.

ಭಾರತದ ಹವ್ಯಾಸಿಗಳು ಗಮನಿಸಬೇಕಾದ ಇನ್ನೊಂದು ಅಂಶ ಎಥನಾಲ್. ಇಲ್ಲಿನ ಬಂಕ್‌ಗಳ ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ರೊಟಾಕ್ಸ್ 912ಕ್ಕೆ ತಯಾರಕರ ಒಪ್ಪಿಗೆ ಇರುವುದು ಶೇಕಡ 10ರವರೆಗೆ ಮಾತ್ರ.

ಬೆಂಗಳೂರಿನ ಅನುಭವ

ಕರ್ನಾಟಕಕ್ಕೂ ಈ ವಿಷಯಕ್ಕೂ ನಂಟಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರುಟಾನ್ ಅವರ ಲಾಂಗ್-ಈಝಿ ವಿನ್ಯಾಸವನ್ನು ಆಧರಿಸಿದ ಹಗುರ ವಿಮಾನವನ್ನು 1987ರಲ್ಲಿ ಹಾರಿಸಿತ್ತು. ಬಳಿಕ ಅಲ್ಲಿಯೇ ರೂಪುಗೊಂಡ ಎರಡಾಸನದ ಹಂಸ ವಿಮಾನದ ಹಂಸ-3 ಮಾದರಿಗೆ ರೊಟಾಕ್ಸ್ 914 ಟರ್ಬೊ ಎಂಜಿನ್ ಅಳವಡಿಸಲಾಯಿತು. 2021ರಲ್ಲಿ ಹಾರಿದ ಹಂಸ-ಎನ್‌ಜಿಯಲ್ಲಿರುವುದು ರೊಟಾಕ್ಸ್ 912 ಎಂಜಿನ್ನಿನ ಇಂಧನ ಚಿಮ್ಮಿಸುವ ಮಾದರಿ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯ ಹತ್ತನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ನಷ್ಟ ಇನ್ನೂ ಹೆಚ್ಚು. ಕರಾವಳಿಯ ಲೆಕ್ಕವನ್ನು ಪ್ರಸ್ಥಭೂಮಿಯಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಹಾರುವ ಮುನ್ನ

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ ಮತ್ತು ಅನುಮತಿ ಇಲ್ಲದೆ ವಿಮಾನ ನೆಲಬಿಡುವಂತಿಲ್ಲ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ದೊರೆಯಿತು. ಅಮೆರಿಕದಲ್ಲಿ ಪ್ರಮಾಣಿತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿಗೆ 25 ಗಂಟೆ, ಉಳಿದವಕ್ಕೆ 40 ಗಂಟೆಗಳ ಪರೀಕ್ಷಾ ಹಾರಾಟ ವಾಡಿಕೆಯಲ್ಲಿದೆ.

ಅದಕ್ಕೂ ಮೊದಲು ನೆಲದ ಮೇಲೆಯೇ ಎಂಜಿನ್ನನ್ನು ಓಡಿಸಿ, ಎಣ್ಣೆಯ ಒತ್ತಡ, ಶಾಖ, ಸೋರಿಕೆ, ಎರಡೂ ಕಿಡಿ ವ್ಯವಸ್ಥೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಬಳಿಕ ಮುಚ್ಚಳ ಬಿಚ್ಚಿ ಪ್ರತಿ ಜೋಡಣೆಯನ್ನೂ ಮತ್ತೆ ನೋಡಬೇಕು. ಆ ನೋಟ ಸ್ವಂತದ್ದಷ್ಟೇ ಆಗದೆ, ವಿಷಯ ಬಲ್ಲ ಬೇರೊಬ್ಬರದೂ ಆಗಿರಲಿ. ವರ್ಷಗಟ್ಟಲೆ ದುಡಿದ ಕಣ್ಣು ತನ್ನ ತಪ್ಪನ್ನು ತಾನು ಕಾಣುವುದು ಕಷ್ಟ.